ಕರ್ಮಪದ ಬಿಟ್ಟುಹೋದ ಸಾಕ್ಷಿ

ಕಾರು ನಿಂತಾಗ ಬೆಳಗಿನ ಏಳು ಗಂಟೆ ನಲವತ್ತೆರಡು ನಿಮಿಷವಾಗಿತ್ತು. ಇದು ಆಮೇಲೆ ಅಂದಾಜಿನಿಂದ ಹೇಳುತ್ತಿರುವ ಮಾತಲ್ಲ. ಹಿಂದಿನ ಸೀಟಿನ ಎಡಬದಿಗೆ ಕುಳಿತಿದ್ದ ನಾನು ಮುಂದಿನ ಫಲಕದ ಗಡಿಯಾರವನ್ನೇ ನೋಡುತ್ತಿದ್ದೆ, ಅವತ್ತು ಕೆಲಸಕ್ಕೆ ತಡವಾಗಿತ್ತು. ಪುಣೆಯ ಸ್ವಾರಗೇಟ ದಾಟಿ ಹಡಪಸರದ ದಿಕ್ಕಿಗೆ ಹೊರಟಿದ್ದೆವು. ಕಾರು ಮೊದಲು ಎಡಕ್ಕೆ ಒಂದು ಮೊಳದಷ್ಟು ಸರಿಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋಯಿತು. ಆಗ ಫಲಕದ ಮೇಲೆ ಕೆಂಪು ದೀಪ ಹತ್ತಿ, ಟಣ್ ಎಂದು ಮೂರು ಸಲ ಸದ್ದಾಯಿತು. ಡ್ರೈವರರ ಕಾಲು ಬ್ರೇಕಿನ ಮೇಲೆ ಬೀಳುವ ಮೊದಲೇ ಕಾರು ತಾನಾಗಿ ವೇಗ ಇಳಿಸಿತು, ನಾಲ್ಕು ಮೂಲೆಯ ದೀಪಗಳನ್ನೂ ಮಿಣುಕಿಸಿತು, ರಸ್ತೆಯ ಎಡ ಅಂಚಿನಲ್ಲಿ ನಿಂತಿತು.

ಹಿಂದಿದ್ದ ಸ್ಕೂಟರಿಗೆ ಅಷ್ಟು ಬೇಗ ನಿಲ್ಲಲಾಗಲಿಲ್ಲ. ಅದರ ಗಾಲಿ ನಮ್ಮ ಬಂಪರಿಗೆ ಬಡಿದ ಪೆಟ್ಟು ಸೀಟಿನ ಮೂಲಕ ನನ್ನ ಬೆನ್ನಿಗೆ ತಾಗಿತು. ಇಳಿದು ನೋಡಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುವವರೆಂದು ಆಮೇಲೆ ತಿಳಿಯಿತು, ರಸ್ತೆಯ ಮೇಲೆ ಕುಳಿತಿದ್ದರು. ಹೆಲ್ಮೆಟ್ ತಲೆಯ ಮೇಲೆಯೇ ಇತ್ತು. ಬಲ ಮೊಳಕೈ ತರಚಿ ರಕ್ತ ಒಸರುತ್ತಿತ್ತು. ಅವರ ಚೀಲದಿಂದ ಉತ್ತರಪತ್ರಿಕೆಗಳು ಹೊರಬಿದ್ದಿದ್ದವು. ಡ್ರೈವರು ನನಗಿಂತ ಮೊದಲೇ ಇಳಿದು, ಒಂದು ಕೈಯಲ್ಲಿ ಸ್ಕೂಟರ್ ಎತ್ತುತ್ತ, ಇನ್ನೊಂದು ಕೈಯನ್ನು ಹಿಂದೆ ಬರುವ ಬಸ್ಸಿನ ಕಡೆಗೆ ಅಡ್ಡ ಹಿಡಿದಿದ್ದರು. ನಾನು ಕಾಗದಗಳನ್ನು ಆರಿಸಲು ಬಗ್ಗಿದೆ. ಒಂದೊಂದೇ ಹಾಳೆಯ ಧೂಳು ಒರೆಸಿ ಜೋಡಿಸಿದೆ.

ಐದು ನಿಮಿಷದ ನಂತರ ನಾನು ಆಡಿದ ಒಂದು ಮಾತಿನಿಂದ, ಕುಡಿಯದ ಮನುಷ್ಯರೊಬ್ಬರು ಕುಡಿದವರಾದರು. ಅದನ್ನು ಸರಿಪಡಿಸಲು ನನಗೆ ನಾಲ್ಕು ದಿನ ಹಿಡಿಯಿತು.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಅಳೆಯುವುದು ನನ್ನ ಕೆಲಸ. ಹಡಪಸರದ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು, ಶೀತಕೋಣೆಯ ತಾಪಮಾಪಕ, ಔಷಧ ತೂಗುವ ತಕ್ಕಡಿ, ಇವೆಲ್ಲ ವರ್ಷಕ್ಕೊಮ್ಮೆ ನಮ್ಮ ಮೇಜಿಗೆ ಬರುತ್ತವೆ. ಎರಡು ವರ್ಷದಿಂದ ಉಸಿರು ಪರೀಕ್ಷಿಸುವ ಉಪಕರಣಗಳೂ ಬರುತ್ತಿವೆ. ಪ್ರಮಾಣ ಗೊತ್ತಿರುವ ಮದ್ಯದ ಆವಿಯನ್ನು ಅದರೊಳಗೆ ಊದಿಸುತ್ತೇವೆ. ನಮಗೆ ಗೊತ್ತಿರುವ ಅಂಕಿಯನ್ನೇ ಅದು ತೋರಿಸಿದರೆ ಪಾಸು.

ಈ ಉಪಕರಣಗಳು ಒಬ್ಬ ವಾಹನ ಗುತ್ತಿಗೆದಾರರವು. ಕಂಪನಿಗಳ ನೌಕರರನ್ನು ಮನೆಯಿಂದ ಕರೆದೊಯ್ಯುವ ಕಾರುಗಳು ಅವರಲ್ಲಿ ನೂರಕ್ಕೂ ಹೆಚ್ಚಿವೆ. ಹೊಸದಾಗಿ ಕೊಳ್ಳುವ ಪ್ರತಿ ಕಾರಿನಲ್ಲೂ ಕುಡಿತ ಹಿಡಿಯುವ ಯಂತ್ರ ಇರಲೇಬೇಕೆಂದು ಅವರು ನಿಯಮ ಮಾಡಿದ್ದರು. ಡ್ರೈವರು ಎಂಜಿನ್ ಶುರುಮಾಡುವ ಮುಂಚೆ ಒಂದು ನಳಿಕೆಗೆ ಊದಬೇಕು. ಉಸಿರು ಶುದ್ಧವಿದ್ದರೆ ಮಾತ್ರ ಕಾರು ಏಳುತ್ತದೆ. ಕಾರು ಓಡತೊಡಗಿದ ಮೇಲೆ ಸ್ಟಿಯರಿಂಗಿನ ಹಿಂದಿರುವ ಸಣ್ಣ ಕ್ಯಾಮೆರಾ ಅವರ ಕಣ್ಣುರೆಪ್ಪೆಗಳನ್ನೂ ಚಕ್ರದ ಅಲುಗಾಟವನ್ನೂ ಗಮನಿಸುತ್ತದೆ. ಎಚ್ಚರ ತಪ್ಪುತ್ತಿದೆ ಅನ್ನಿಸಿದರೆ ದೀಪ, ಸದ್ದು, ಆಮೇಲೆ ಕಾರೇ ನಿಲ್ಲುತ್ತದೆ. ಮುಂದೊಂದು ದಿನ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಗುತ್ತದೆ ಎಂದು ಜನ ಮಾತಾಡುತ್ತಾರೆ. ಆಗಲಿ ಎಂದೇ ನಾನು ಹೇಳುವವನು. ಈಗಲೂ ಹಾಗೆಯೇ ಹೇಳುತ್ತೇನೆ.

ಯಂತ್ರದಲ್ಲಿ ಒಂದು ಕೊರತೆ ಇತ್ತು. ಉಸಿರಿಗೂ ಕಣ್ಣಿಗೂ ಒಂದೇ ಕೆಂಪು ದೀಪ. ಪರದೆಯ ಮೇಲಿನ ಇಂಗ್ಲಿಷ್ ಬರಹ ಎಲ್ಲ ಡ್ರೈವರುಗಳಿಗೂ ತಿಳಿಯದೆಂದು, ಗುತ್ತಿಗೆದಾರರ ಕಡೆಯವರು ದೀಪದ ಪಕ್ಕದಲ್ಲಿ ಮದ್ಯದ ಬಾಟಲಿಯ ಚಿತ್ರಕ್ಕೆ ಅಡ್ಡಗೆರೆ ಹೊಡೆದ ಒಂದು ಸ್ಟಿಕ್ಕರ್ ಅಂಟಿಸಿದ್ದರು. ದೀಪ ಯಾವ ಕಾರಣಕ್ಕೆ ಹತ್ತಿದರೂ ನೋಡುವವರಿಗೆ ಕಾಣುವುದು ಬಾಟಲಿ.

ನಮ್ಮ ಲ್ಯಾಬಿನವರೂ ಅದೇ ಗುತ್ತಿಗೆದಾರರಿಂದ ಒಂದು ಕಾರು ಪಡೆದಿದ್ದರು. ಹೀಗಾಗಿ ನಾನು ಪಾಸು ಮಾಡಿದ ಯಂತ್ರವಿರುವ ಕಾರಿನಲ್ಲೇ ದಿನವೂ ಸದಾಶಿವ ಪೇಠದ ನನ್ನ ಮನೆಯಿಂದ ಹೊರಡುತ್ತಿದ್ದೆ. ಡ್ರೈವರು ಮಹಾರಾಷ್ಟ್ರದ ಗಡಿಯ ಜತ್ತದ ಕಡೆಯವರು, ಮನೆಮಾತು ಕನ್ನಡ. ನಾನು ವಿಜಯಪುರದವನು. ಕಾರಿನ ಬಾಗಿಲು ಹಾಕಿದ ಕೂಡಲೇ ಇಬ್ಬರೂ ಮರಾಠಿಯನ್ನು ಹೊರಗೆ ಬಿಟ್ಟು ನಮ್ಮ ಮಾತಿಗೆ ಇಳಿಯುತ್ತಿದ್ದೆವು. ಅವರು ಬೆಳಿಗ್ಗೆ ನಳಿಕೆಗೆ ಊದುವಾಗ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಊದಿ ಮುಗಿಸಿ, "ನೋಡ್ರಿ ಸಾಹೇಬ್ರ, ನಿಮ್ಮ ಯಂತ್ರಕ್ಕ ದಿನಾ ಮುಂಜಾನೆ ಮುದ್ದು ಕೊಡತೀನಿ. ಮನ್ಯಾಗಿನಾಕಿ ಹೊಟ್ಟಿಕಿಚ್ಚು ಪಡ್ಲಿಕ್ಕತ್ಯಾಳ" ಎನ್ನುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆ ಆರು ನಲವತ್ತಕ್ಕೆ ಬಂದಾಗ ಅವರು ಒಂದೇ ಸಮನೆ ಸೀನುತ್ತಿದ್ದರು. ಮೂಗು ಕೆಂಪಾಗಿತ್ತು. ಊದಿದರು, ಸೊನ್ನೆ ಬಂತು, ಕಾರು ಎದ್ದಿತು. ನಾನು ಚೀಲದಿಂದ ನೆಗಡಿಯ ಗುಳಿಗೆಯ ಪಟ್ಟಿ ತೆಗೆದು ಒಂದನ್ನು ಮುರಿದುಕೊಟ್ಟೆ. ಧೂಳಿಗೆ ನನಗೂ ಸೀನು ಬರುತ್ತದೆ. ರಾತ್ರಿ ಮಲಗುವಾಗ ನುಂಗುವ ಗುಳಿಗೆ ಅದು.

"ಬ್ಯಾಡ್ರಿ, ತಾನs ಹೋಗತದ," ಅಂದರು.

"ತೊಗೋರಿ, ಹಟಾ ಮಾಡಬ್ಯಾಡ್ರಿ. ಹಿಂಗ ಸೀನಿಕೋತ ಗಾಡಿ ಹೆಂಗ ಹೊಡೀತೀರಿ?"

ತೊಗೊಂಡರು. ನನ್ನ ಬಾಟಲಿಯ ನೀರನ್ನೇ ಕುಡಿದರು. ಮೊದಲು ಕೋಥರೂಡಕ್ಕೆ ಹೋಗಿ, ಒಂದು ಕಾರ್ಖಾನೆಯಿಂದ ಒತ್ತಡ ಮಾಪಕಗಳ ಪೆಟ್ಟಿಗೆ ಹೇರಿಕೊಂಡೆವು. ಅಲ್ಲಿ ಮತ್ತೆ ಊದಿದರು. ಮತ್ತೆ ಸೊನ್ನೆ. ಸೀನು ನಿಂತಿತ್ತು. ನನಗೆ ಹೆಮ್ಮೆಯೆನಿಸಿತು. ಗುಳಿಗೆ ತೊಗೊಂಡ ಅರವತ್ತು ನಿಮಿಷದ ಒಳಗೆ ಕಾರು ಸ್ವಾರಗೇಟಿನ ಆಚೆ ನಿಂತಿತು.

ಜನ ಸೇರಿದ್ದರು. ಒಬ್ಬನು ಕಾರಿನೊಳಗೆ ಬಗ್ಗಿ ನೋಡಿ ಬಾಟಲಿಯ ಸ್ಟಿಕ್ಕರನ್ನೂ ಅದರ ಪಕ್ಕದ ಕೆಂಪು ದೀಪವನ್ನೂ ಉಳಿದವರಿಗೆ ತೋರಿಸಿದ. ಚೌಕದಲ್ಲಿದ್ದ ಹವಾಲ್ದಾರರು ಬಂದರು. ಡ್ರೈವರು ಆಗ ಆ ಹೆಣ್ಣುಮಗಳನ್ನು ಪಕ್ಕದ ಔಷಧದ ಅಂಗಡಿಗೆ ಕರೆದೊಯ್ದಿದ್ದರು. ಹವಾಲ್ದಾರರು ನನ್ನನ್ನು ಕೇಳಿದರು: ಏನಾಯಿತು?

ನನ್ನ ತಲೆಯಲ್ಲಿ ಆಗ ಒಂದೇ ಒಂದು ವಸ್ತು ಇತ್ತು: ಆ ಹಳದಿ ಗುಳಿಗೆ. ಅದರಿಂದ ನಿದ್ದೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ನಾನು ಅದನ್ನು ರಾತ್ರಿ ನುಂಗುತ್ತಿದ್ದದ್ದು. ಕೊಡುವಾಗ ಮಾತ್ರ ನೆನಪಾಗಿರಲಿಲ್ಲ. ನಾನು ಮರಾಠಿಯಲ್ಲಿ ಹೇಳಿದೆ: "ಡೋಳೇ ಮಿಟಲೇ. ಸಕಾಳೀ ಘೇತಲೀ ಹೋತೀ. ಮೀ ಬಘಿತಲಂ." ಕಣ್ಣು ಮುಚ್ಚಿದವು. ಬೆಳಿಗ್ಗೆ ತೊಗೊಂಡಿದ್ದರು. ನಾನು ನೋಡಿದ್ದೇನೆ.

ಹವಾಲ್ದಾರರು ತಲೆಯಾಡಿಸಿದರು. ಸುತ್ತಲಿದ್ದವರೂ ತಲೆಯಾಡಿಸಿದರು. ಎಲ್ಲರಿಗೂ ಅರ್ಥವಾಯಿತು ಎಂದುಕೊಂಡೆ.

ಡ್ರೈವರನ್ನು ರಕ್ತ ಕೊಡಲು ಆಸ್ಪತ್ರೆಗೆ ಕಳಿಸಿದರು. ನನ್ನನ್ನು ಪೊಲೀಸ್ ಚೌಕಿಗೆ ಕರೆದೊಯ್ದು ಹೇಳಿಕೆ ಬರೆದುಕೊಂಡರು. ಹವಾಲ್ದಾರರು ಬರೆದದ್ದನ್ನು ಗಟ್ಟಿಯಾಗಿ ಓದಿ, ನನ್ನ ಕೈಗೂ ಕೊಟ್ಟರು. ಎರಡು ಸಲ ಓದಿದೆ. ಅವರು ಏಳು ನಲವತ್ತೈದು ಎಂದು ಬರೆದಿದ್ದರು. ನಾನು ಏಳು ನಲವತ್ತೆರಡು ಮಾಡಿಸಿದೆ. ಸ್ಕೂಟರ್ ಹತ್ತು ಅಡಿ ಹಿಂದಿತ್ತು ಎಂದಿತ್ತು. ಅದನ್ನು ನಾನು ನೋಡಿಲ್ಲ ಎಂದು ಹೊಡೆಸಿಹಾಕಿದೆ. "ಇಷ್ಟು ಕಟ್ಟುನಿಟ್ಟಿನ ಸಾಕ್ಷಿ ನಮಗೆ ಸಿಗುವುದಿಲ್ಲ ಕಾಕಾ" ಎಂದು ಅವರು ಮರಾಠಿಯಲ್ಲಿ ಹೊಗಳಿದರು. 'ಸಕಾಳೀ ಘೇತಲೀ ಹೋತೀ' ಎಂಬ ಸಾಲು ಇದ್ದ ಹಾಗೇ ಇತ್ತು. ನಾನು ಹೇಳಿದ್ದೇ ಅದು. ಸಹಿ ಹಾಕಿದೆ.

ಅಂದು ಲ್ಯಾಬಿಗೆ ಹೋಗದೆ ಮನೆಗೆ ಬಂದೆ. ಮಧ್ಯಾಹ್ನ ಎರಡೂವರೆಗೆ ಡ್ರೈವರ ಫೋನು ಬಂತು. ಅವರ ದನಿ ನನಗೆ ಪರಿಚಯವಿಲ್ಲದವರ ದನಿಯಂತಿತ್ತು.

"ಸಾಹೇಬ್ರ, ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಾ ಯಾವಾಗ ಕುಡದೆ?"

"ನೀವೆಲ್ಲಿ ಕುಡದೀರಿ? ಯಾರಂದ್ರು?"

"ನೀವs ಅಂದೀರಂತ. ಮುಂಜಾನೆ ಕುಡದಿದ್ದು ಕಣ್ಣಾರೆ ನೋಡೀನಿ ಅಂತ ಬರದು ಸಹಿ ಮಾಡೀರಂತ. ಆಫೀಸ್‌ನ್ಯಾಗ ನನಗ ಕಾಗದ ತೋರಿಸಿದ್ರು. ಗಾಡಿ ಚಾವಿ ಇಸಗೊಂಡ್ರು."

ನಾನು ಅಂಥ ಮಾತು ಆಡಿಲ್ಲವೆಂದು ಆಣೆ ಮಾಡಿದೆ. ಅವರು ವಾದಿಸಲಿಲ್ಲ. ಸೋಮವಾರ ಗುತ್ತಿಗೆದಾರರ ಆಫೀಸಿನವರು ತೀರ್ಮಾನ ಮಾಡುತ್ತಾರೆ, ಕುಡಿದು ಓಡಿಸಿದವರ ಪಟ್ಟಿಯಲ್ಲಿ ಹೆಸರು ಸೇರಿದರೆ ಪುಣೆಯ ಯಾವ ಗುತ್ತಿಗೆದಾರರೂ ಕೆಲಸ ಕೊಡುವುದಿಲ್ಲ, ಆ ಪಟ್ಟಿಯನ್ನು ಅವರೆಲ್ಲ ಹಂಚಿಕೊಳ್ಳುತ್ತಾರೆ ಎಂದರು. ರಕ್ತದ ವರದಿ ಬರಲು ಎರಡು ವಾರವೋ ಮೂರು ವಾರವೋ. ಅದು ಬರುವ ಹೊತ್ತಿಗೆ ಪಟ್ಟಿ ಊರೆಲ್ಲ ಸುತ್ತಿರುತ್ತದೆ.

"ಗುಳಿಗಿ ಮಾತು ಯಾಕ ಹೇಳಲಿಲ್ರಿ ನೀವು?" ಎಂದು ಕೇಳಿದೆ.

"ನಿಮ್ಮ ಹೆಸರು ಬರತದಂತ ಸುಮ್ನಿದ್ದೆ. ಹೇಳೂದಿದ್ರ ನೀವs ಹೇಳತೀರಿ ಅನಕೊಂಡೆ," ಅಂದರು. ಫೋನು ಇಟ್ಟರು.

ನನ್ನ ಹೆಂಡತಿ ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅವಳು ಸೊಲ್ಲಾಪುರದವಳು, ಮನೆಯಲ್ಲಿ ಕನ್ನಡ, ಓದಿದ್ದು ಮರಾಠಿ ಶಾಲೆ. ಎಲ್ಲ ಕೇಳಿಸಿಕೊಂಡು ಹೇಳಿದಳು, "ನೀವು ಅಂದಿದ್ದು ಅಂದಂಗ ಹೇಳ್ರಿ. ಕನ್ನಡದಾಗ ಬ್ಯಾಡ, ಮರಾಠಿಯೊಳಗ ಹೇಳ್ರಿ."

ಹೇಳಿದೆ. ಅವಳ ಕೈ ನಿಂತಿತು.

"ಏನು ಘೇತಲೀ?"

"ಗೋಳೀ."

"ಗೋಳೀ ಅಂತ ಬಾಯಿಬಿಟ್ಟು ಅಂದಿದ್ರೇನು?"

"ಅಂದಿಲ್ಲ. ಅದು ಗೊತ್ತs ಇತ್ತಲ್ಲ."

"ಯಾರಿಗೆ ಗೊತ್ತಿತ್ರಿ? ಹವಾಲ್ದಾರ ನಿಮ್ಮ ತಲಿಯೊಳಗ ಕೂತಿದ್ನೇನು? ರಸ್ತಾದಾಗ ನಿಂತು, ಡ್ರೈವರಂದು ಮಾತು ನಡದಾಗ, ಬರೇ ಘೇತಲೀ ಅಂದ್ರ ಒಂದs ಅರ್ಥ. ಪುಣೆದಾಗ ಕೂಸಿಗೂ ಗೊತ್ತದ."

ಇಲ್ಲಿ ಮರಾಠಿ ಬಾರದ ಓದುಗರಿಗೆ ಒಂದು ಮಾತು. ಮರಾಠಿಯಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು, ನಪುಂಸಕ ಎಂದು ಲಿಂಗವಿದೆ. ರಸ್ತೆ ಗಂಡು, ಕುರ್ಚಿ ಹೆಣ್ಣು, ಪುಸ್ತಕ ನಪುಂಸಕ. 'ತೊಗೊಂಡ' ಎನ್ನುವಾಗ ಕ್ರಿಯಾಪದ ತೊಗೊಂಡವರನ್ನು ನೋಡುವುದಿಲ್ಲ, ತೊಗೊಂಡ ವಸ್ತುವನ್ನು ನೋಡಿ ಬದಲಾಗುತ್ತದೆ. ಚಹಾ ಆದರೆ ಘೇತಲಾ. ಔಷಧ ಆದರೆ ಘೇತಲಂ. ಗೋಳೀ, ಅಂದರೆ ಗುಳಿಗೆ, ಹೆಣ್ಣು, ಆದ್ದರಿಂದ ಘೇತಲೀ. ದಾರೂ, ಅಂದರೆ ಮದ್ಯ, ಅದೂ ಹೆಣ್ಣು. ವಸ್ತುವಿನ ಹೆಸರು ಹೇಳದೆ ಬರಿಯ ಘೇತಲೀ ಎಂದರೆ ಕೇಳುವವರು ತಾವಾಗಿಯೇ ದಾರೂ ಎಂದು ತುಂಬಿಕೊಳ್ಳುತ್ತಾರೆ.

ಕನ್ನಡದವರಾದ ನಮಗೆ ಈ ಲಿಂಗ ಯಾವತ್ತೂ ಸರಿಯಾಗಿ ಹಿಡಿಯುವುದಿಲ್ಲ. ಪುಣೆಗೆ ಬಂದ ಮೂವತ್ತೊಂದು ವರ್ಷದಲ್ಲಿ ನಾನು ಕುರ್ಚಿಯನ್ನು ಗಂಡು ಮಾಡಿದ್ದೇನೆ, ರಸ್ತೆಯನ್ನು ಹೆಣ್ಣು ಮಾಡಿದ್ದೇನೆ, ಜನ ನಕ್ಕಿದ್ದಾರೆ. ಬೇರೆ ಯಾವ ದಿನವಾದರೂ ನಾನು ರೂಢಿಯಂತೆ ಘೇತಲಂ ಎಂದುಬಿಡುತ್ತಿದ್ದೆ. ಹವಾಲ್ದಾರರಿಗೆ ಔಷಧವೆಂದು ಕೇಳಿಸುತ್ತಿತ್ತು. ಆದರೆ ಪೊಲೀಸರ ಮುಂದೆ ಸರಿಯಾದ ಮರಾಠಿ ಆಡಬೇಕೆಂದು, ಗೋಳೀ ಹೆಣ್ಣೆಂದು ನೆನಪಿಸಿಕೊಂಡು, ತಿದ್ದಿಕೊಂಡು ಹೇಳಿದ್ದೆ.

"ಲಿಂಗ ಸರಿ ಇತ್ತಲ್ಲ," ಎಂದೆ ಹೆಂಡತಿಗೆ. ಏನೂ ಹೊಳೆಯದೆ ಆಡಿದ ಮಾತು.

"ಸರಿ ಇದ್ದದ್ದs ತಪ್ಪಾತು. ಮೂವತ್ತು ವರ್ಷ ತಪ್ಪು ಮರಾಠಿ ಮಾತಾಡಿ ಒಬ್ಬರ ಮನೀನೂ ಮುಳುಗಿಸಿದ್ದಿಲ್ಲ ನೀವು. ಒಂದು ದಿನ ಸರಿ ಮಾತಾಡಿದ್ರಿ, ನೋಡ್ರಿ."

ಮತ್ತೆ ಕೇಳಿದಳು, "ಆ ಗುಳಿಗಿ ಅವರ ಕೈಗೆ ಎಲ್ಲಿಂದ ಬಂತು?"

"ನಾ ಕೊಟ್ಟೆ."

"ಅದನ್ನ ಬರಸೀರಿ?"

"ಇಲ್ಲ."

ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಲ್ಯಾಬಿನಲ್ಲಿ ಹೊಸಬರು ಅಂಕಿಯ ಮುಂದೆ ಏಕಮಾನ ಬರೆಯದೆ ತಂದರೆ ನಾನು ಹಾಳೆಯನ್ನು ಹಿಂದಕ್ಕೆ ಕಳಿಸುತ್ತೇನೆ. ನಲವತ್ತು ಅಂದರೆ ನಲವತ್ತು ಏನು? ಡಿಗ್ರಿಯೋ, ಮಿಲಿಮೀಟರೋ? ಅಂಥವನು ಏನು ತೊಗೊಂಡರು ಎಂದೂ ಹೇಳದೆ, ಯಾರು ಕೊಟ್ಟರು ಎಂದೂ ಹೇಳದೆ, ಬರಿಯ ತೊಗೊಂಡರು ಎಂದು ಸಹಿ ಹಾಕಿ ಬಂದಿದ್ದೆ. ಮೊದಲನೆಯದು ಭಾಷೆಯ ತಪ್ಪು. ಎರಡನೆಯದೂ ಭಾಷೆಯದೇ ತಪ್ಪು ಎಂದು ಒಂದು ಗಂಟೆಯ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಭಾಷೆಯ ತಪ್ಪಲ್ಲ. ಕೊಟ್ಟವನು ನಾನು ಎನ್ನುವುದು ನನಗೆ ಆ ರಸ್ತೆಯಲ್ಲೇ ಗೊತ್ತಿತ್ತು, ಬಾಯಿಂದ ಬರಲಿಲ್ಲ.

ಶನಿವಾರ ಬೆಳಿಗ್ಗೆ ಗುತ್ತಿಗೆದಾರರ ಆಫೀಸಿಗೆ ಹೋದೆ. ಪುಣೆಯ ಕ್ಯಾಂಪ್ ಪ್ರದೇಶದ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಸುರಕ್ಷತೆಯ ವಿಭಾಗ ನೋಡಿಕೊಳ್ಳುವವರು ಮೈಸೂರಿನ ಹುಡುಗಿ, ಇಂಜಿನಿಯರ್. ನನ್ನ ಮಾತಿನ ಎಳೆ ಹಿಡಿದು ಕೂಡಲೇ ಕನ್ನಡಕ್ಕೆ ತಿರುಗಿದರು.

"ಸರ್, ಸಾರಿ, ನಾವೇನೂ ಸುಮ್ ಸುಮ್ನೆ ಮಾಡ್ತಿಲ್ಲ. ಡ್ಯಾಶ್‌ಬೋರ್ಡ್ ಅಲರ್ಟ್ ಇದೆ, ಪೊಲೀಸ್ ಸ್ಟೇಟ್‌ಮೆಂಟ್ ಇದೆ. ಅದೂ ಪ್ಯಾಸೆಂಜರ್ ನೀವೇ. ನಮ್ ಡಿವೈಸ್ ಟೆಸ್ಟ್ ಮಾಡೋರು!"

"ಅವರು ತೊಗೊಂಡಿದ್ದು ಗುಳಿಗೆ."

"ಗುಳಿಗೆ ಅಂದ್ರೆ?"

"ಮಾತ್ರೆ. ನೆಗಡಿ ಮಾತ್ರೆ."

ಅವರು ಪೆನ್ನು ಕೆಳಗಿಟ್ಟರು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ಕಂಪ್ಯೂಟರಿನಲ್ಲಿ ಕಾರಿನ ದಾಖಲೆ ತೆರೆದರು. ಆರು ನಲವತ್ತಮೂರಕ್ಕೆ ಉಸಿರು ಸೊನ್ನೆ. ಕೋಥರೂಡದಲ್ಲಿ ಏಳು ಹದಿನೆಂಟಕ್ಕೆ ಉಸಿರು ಸೊನ್ನೆ. ಏಳು ನಲವತ್ತೆರಡಕ್ಕೆ ಎಚ್ಚರಿಕೆ.

"ಈ ಎಚ್ಚರಿಕೆ ಯಾತರದು? ಉಸಿರಿನದೋ ಕಣ್ಣಿನದೋ?" ಎಂದು ಕೇಳಿದೆ.

ಅವರು ಇನ್ನೊಂದು ಪುಟ ತೆರೆದು ನೋಡಿದರು. "ಕಣ್ಣಿಂದು, ಸರ್. ಬ್ರೆತ್ ಅಲ್ಲ." ಆಮೇಲೆ ಅಂದರು, "ಆದ್ರೆ ಸರ್, ಊದೋವಾಗ ಕ್ಯಾಮೆರಾ ಆನ್ ಇರಲ್ಲ. ಕೆಲವು ಡ್ರೈವರ್ಸ್ ಬೇರೆಯವ್ರ ಕೈಲಿ ಊದಿಸ್ತಾರೆ, ಗೊತ್ತಲ್ವಾ? ಬೇಜಾರ್ ಮಾಡ್ಕೋಬೇಡಿ, ಕೇಳಲೇಬೇಕು. ಊದಿದ್ದು ನೀವಾ?"

ಅರವತ್ತಕ್ಕೆ ಹತ್ತಿರವಾದ ನನ್ನ ಬದುಕಿನಲ್ಲಿ ಯಾರೂ ನನಗೆ ಈ ಬಗೆಯ ಪ್ರಶ್ನೆ ಕೇಳಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದು ಸರಿಯಾದ ಪ್ರಶ್ನೆ. ನಾನು ಅವರ ಕುರ್ಚಿಯಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ.

"ಅಲ್ಲ. ಎರಡೂ ಸಲ ಅವರೇ ಊದಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ನಿಮ್ಮ ಯಂತ್ರ ಎರಡೂ ಸಲ ಸರಿ ಹೇಳಿದೆ, ಮೂರನೇ ಸಲವೂ ಸರಿ ಹೇಳಿದೆ. ಅವರ ಬಾಯಲ್ಲಿ ಮದ್ಯವಿರಲಿಲ್ಲ, ಕಣ್ಣಲ್ಲಿ ನಿದ್ದೆ ಇತ್ತು. ತಪ್ಪು ಹೇಳಿದ್ದು ನಾನು. ಆಮೇಲೆ ನಿಮ್ಮ ಸ್ಟಿಕ್ಕರು."

ಅವರು ನಿಯಮದ ಪುಸ್ತಕ ತೆಗೆದರು. ಅದರಲ್ಲಿ ಇನ್ನೊಂದು ಕಲಮು ಇತ್ತು: ನಿದ್ದೆ ಬರಿಸುವ ಔಷಧವನ್ನು ತಿಳಿಸದೆ ತೊಗೊಂಡು ಓಡಿಸಿದರೂ ಕೆಲಸದಿಂದ ತೆಗೆಯುವುದೇ. "ಅವ್ರೇ ತಗೊಂಡಿದ್ರೆ ಈ ರೂಲ್ ಬರುತ್ತೆ ಸರ್. ಪ್ಯಾಸೆಂಜರ್ ಕೊಟ್ಟು, ಏನು ಅಂತ ಹೇಳ್ದೇ ಇದ್ರೆ ಬರಲ್ಲ. ಆದ್ರೆ ಅದು ಪೊಲೀಸ್ ಪೇಪರಲ್ಲಿ ಬರ್ಬೇಕು. ನನ್ನ ಹತ್ರ ಬಾಯಲ್ಲಿ ಹೇಳಿದ್ರೆ ಮ್ಯಾನೇಜ್‌ಮೆಂಟ್ ಒಪ್ಪಲ್ಲ. ಸೋಮವಾರ ಹನ್ನೆರಡು ಗಂಟೆ ಒಳಗೆ."

ಅಲ್ಲಿಂದ ನೇರವಾಗಿ ಚೌಕಿಗೆ ಹೋದೆ. ಶುಕ್ರವಾರದ ಹವಾಲ್ದಾರರಿಗೆ ಶನಿವಾರ ರಜೆ. ಭಾನುವಾರ ಹೋದೆ, ಅವರು ಬಂದೋಬಸ್ತಿಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋಗಿ ಬೆಂಚಿನ ಮೇಲೆ ಕುಳಿತೆ. ಒಂಬತ್ತು ಹತ್ತಕ್ಕೆ ಬಂದರು.

ವಿಷಯ ಕೇಳಿ ಅವರು ಮೊದಲು ನಕ್ಕರು. ಪಕ್ಕದ ಮೇಜಿನವರನ್ನು ಕರೆದು, "ಕಾಕಾಂಚೀ ಗೋಳೀ!" ಕಾಕಾನ ಗುಳಿಗೆ ನೋಡಿ ಎಂದು ಅವರಿಗೂ ಹೇಳಿ ನಗಿಸಿದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಅಷ್ಟಕ್ಕೆ ಹೊಸ ಹೇಳಿಕೆ ಏಕೆ, ಹಳೆಯ ಸಾಲಿನಲ್ಲಿ 'ಗೋಳೀ' ಎಂಬ ಒಂದು ಪದ ಸೇರಿಸಿ ಪಕ್ಕದಲ್ಲಿ ನೀವು ಸಹಿ ಮಾಡಿದರೆ ಮುಗಿಯಿತು ಎಂದರು. ಪೆನ್ನನ್ನೂ ತೆಗೆದರು.

ಆ ಒಂದು ಪದದಿಂದ ಕುಡಿದರೆಂಬ ಆರೋಪ ಹೋಗುತ್ತಿತ್ತು. ನಾನು ಹೇಳಿದ್ದೂ ಸುಳ್ಳಾಗುತ್ತಿರಲಿಲ್ಲ. ಹವಾಲ್ದಾರರಿಗೆ ಕೆಲಸ ಕಡಿಮೆ, ನನಗೆ ತೊಂದರೆ ಇಲ್ಲ. ಡ್ರೈವರ ಕೆಲಸ ಮಾತ್ರ ಎರಡನೇ ಕಲಮಿನಿಂದ ಹೋಗುತ್ತಿತ್ತು.

"ಸಾಲದು. ಕೊಟ್ಟವನು ನಾನು. ಅದನ್ನೂ ಬರೆಯಿರಿ," ಎಂದೆ.

"ಕಾಕಾ, ಯೋಚನೆ ಮಾಡಿ," ಎಂದು ಅವರು ಮರಾಠಿಯಲ್ಲಿ ಹೇಳಿದರು. "ಆ ಹೆಣ್ಣುಮಗಳ ಕೈಗೆ ಪೆಟ್ಟಾಗಿದೆ. ಅವರು ನಾಳೆ ದೂರು ಕೊಟ್ಟರೆ, ಗುಳಿಗೆ ಕೊಟ್ಟವರು ಯಾರು ಎಂದು ನಿಮ್ಮ ಹೆಸರು ಬರುತ್ತದೆ. ಯಾರೂ ಕೇಳದ್ದನ್ನು ನೀವಾಗಿ ಯಾಕೆ ಬರೆಸುತ್ತೀರಿ?"

"ಬರಲಿ."

ಅವರು ಹೊಸ ಹಾಳೆ ತೆಗೆದರು. ನಾನು ಒಂದೊಂದೇ ಸಾಲು ಹೇಳಿದೆ. ಪ್ರತಿ ಸಾಲಿನಲ್ಲೂ ಯಾರು, ಏನನ್ನು, ಏನು ಮಾಡಿದರು ಎಂಬ ಮೂರೂ ಇವೆಯೇ ಎಂದು ನಿಲ್ಲಿಸಿ ನೋಡಿದೆ. ಮೀ ತ್ಯಾಂನಾ ಸರ್ದೀಚೀ ಗೋಳೀ ದಿಲೀ. ನಾನು ಅವರಿಗೆ ನೆಗಡಿಯ ಗುಳಿಗೆ ಕೊಟ್ಟೆ. ಅವರು ಬೇಡ ಎಂದರು. ನಾನು ಒತ್ತಾಯ ಮಾಡಿದೆ. ಅದರಿಂದ ನಿದ್ದೆ ಬರುತ್ತದೆ ಎಂದು ನಾನು ಅವರಿಗೆ ಹೇಳಲಿಲ್ಲ. ಅವರು ಮದ್ಯ ಕುಡಿದದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಆರು ನಲವತ್ತರಿಂದ ಅವರ ಜೊತೆಗೇ ಇದ್ದೆ. ಲಿಂಗ ಸರಿಯಿದೆಯೇ ಎಂದು ಹವಾಲ್ದಾರರನ್ನೇ ಕೇಳಿದೆ. "ಈ ಸಲ ಎಲ್ಲ ಸರಿ ಇದೆ," ಎಂದರು. ಸಹಿ ಹಾಕಿದೆ. ಪ್ರತಿಯನ್ನು ಕ್ಯಾಂಪಿನ ಆಫೀಸಿಗೆ ಮುಟ್ಟಿಸಿದಾಗ ಹನ್ನೊಂದೂಕಾಲು.

ಪಟ್ಟಿಯಲ್ಲಿ ಅವರ ಹೆಸರು ಸೇರಲಿಲ್ಲ. ಹತ್ತು ದಿನ ಕೆಲಸ ನಿಲ್ಲಿಸಿ, ವೈದ್ಯರ ಸರ್ಟಿಫಿಕೇಟು ತಂದಮೇಲೆ ಕಾರಿನ ಚಾವಿ ಮರಳಿಸಿದರು. ರಕ್ತದ ವರದಿ ಮೂರನೇ ವಾರ ಬಂತು, ಅದರಲ್ಲಿ ಮದ್ಯದ ಅಂಶ ಏನೂ ಇರಲಿಲ್ಲ. ಪಾಠ ಹೇಳುವ ಹೆಣ್ಣುಮಗಳ ಮನೆಗೆ ನಾನು ಹೋಗಿ ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ನನ್ನನ್ನು ಬೈದರು. ಬೈಯುವ ಹಕ್ಕು ಅವರಿಗಿತ್ತು. ದೂರು ಕೊಡಲಿಲ್ಲ. ನಮ್ಮ ಲ್ಯಾಬಿಗೆ ಗುತ್ತಿಗೆದಾರರಿಂದ ಒಂದು ಪತ್ರ ಬಂತು: ಡ್ರೈವರಿಗೆ ಔಷಧ ಕೊಟ್ಟ ಪ್ರಯಾಣಿಕರನ್ನು ಇನ್ನು ನಮ್ಮ ಯಾವ ಕಾರಿಗೂ ಹತ್ತಿಸುವುದಿಲ್ಲ. ನ್ಯಾಯವಾದ ಪತ್ರ. ನಾನು ಈಗ ಸ್ವಾರಗೇಟಿನಿಂದ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ಅವರ ಯಂತ್ರಗಳು ಮಾತ್ರ ಈಗಲೂ ನನ್ನ ಮೇಜಿಗೇ ಬರುತ್ತವೆ.

ಹೋದ ತಿಂಗಳು ಅಂಥ ಒಂದು ಯಂತ್ರವನ್ನು ಪರೀಕ್ಷೆಗೆ ತಂದವರು ಆ ಡ್ರೈವರೇ. ಅಂದಿನ ನಂತರ ನಾವು ಎದುರುಬದುರು ನಿಂತದ್ದು ಅದೇ ಮೊದಲು. ಲ್ಯಾಬ್ ಎದುರಿನ ಅಂಗಡಿಯಲ್ಲಿ ಚಹಾ ಹೇಳಿದೆ. ಎರಡು ಗ್ಲಾಸು ಬಂದವು. ಒಂದನ್ನು ಎತ್ತಿ ಅವರ ಕಡೆ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಹಂಗ ಅಲ್ರಿ ಸಾಹೇಬ್ರ. ಪ್ಯಾಸೆಂಜರ್ ಕೈಲೇ ತಿನ್ನೂದು ಕುಡಿಯೂದು ಏನೂ ಇಸಕೊಳ್ಳಂಗಿಲ್ಲಂತ ನನ್ನ ಕಡಿಂದ ಬರಸ್ಕೊಂಡಾರ."

"ನಾ ಈಗ ನಿಮ್ಮ ಪ್ಯಾಸೆಂಜರ್ ಅಲ್ಲಲ್ರಿ."

"ಆದ್ರೂ ಬ್ಯಾಡ್ರಿ. ನಿಮ್ಮ ಕೈಯಿಂದಂತೂ ಬ್ಯಾಡs ಬ್ಯಾಡ." ನಕ್ಕರು. ನಕ್ಕದ್ದು ಬಾಯಿ ಮಾತ್ರ ಎಂದು ನನಗೆ ಅನ್ನಿಸಿತು, ಖಚಿತವಾಗಿ ಹೇಳಲಾರೆ. "ಅಲ್ಲಿಡ್ರಿ. ನಾನs ತೊಗೋತೀನಿ."

ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟೆ. ಅವರು ಅದನ್ನು ತಾವೇ ಎತ್ತಿಕೊಂಡು, ರಸ್ತೆಯ ಕಡೆ ಮುಖ ಮಾಡಿ ನಿಂತು, ಪೂರ್ತಿ ಕುಡಿದರು.